ಕೆಂಪು ಗಾಜಿನ ಮೇಲಿನ ಕುಂಕುಮ

ಬೆಳಗಿನ ಪ್ಯಾಸೆಂಜರ್ ಗಾಡಿ ಇನ್ನೂ ರಾಣೆಬೆನ್ನೂರಿಗೆ ಬಂದಿಲ್ಲ. ಸ್ಟೇಷನ್ ರಸ್ತೆಯ ಚಹಾದಂಗಡಿಯವನು ಮೊದಲ ಕುದಿ ಇಳಿಸುವ ಮುಂಚೆಯೇ ಪಕ್ಕದ ಗಲ್ಲಿಯಲ್ಲಿ ಒಂದು ಶಟರ್ ಮೇಲೇರಿದೆ. ಒಳಗೆ ಒಂದು ಟ್ಯೂಬ್‌ಲೈಟು, ಒಂದು ಮೇಜು, ಮೇಜಿನ ಮುಂದೆ ಸೆರಗನ್ನು ಸೊಂಟಕ್ಕೆ ಬಿಗಿದು ಕುಳಿತ ಪುಷ್ಪಲತಾ. ಹೊರಗೆ ಕಟ್ಟೆಯ ಮೇಲೆ ಗಂಡಸರ ಸಾಲು. ಒಬ್ಬೊಬ್ಬರ ತೊಡೆಯ ಮೇಲೂ ಒಂದೊಂದು ಕರಿ ಚೀಲ, ಚೀಲದೊಳಗೆ ಒಂದೊಂದು ವಿಡಿಯೊ ಕ್ಯಾಮೆರಾ. ಎಲ್ಲರ ಮುಖದಲ್ಲೂ ಆಸ್ಪತ್ರೆಯ ವರಾಂಡದಲ್ಲಿ ಕುಳಿತವರ ಕಳೆ.

ಇವತ್ತು ತುಳಸಿ ಲಗ್ನದ ನಂತರದ ಮೊದಲ ದೊಡ್ಡ ಮುಹೂರ್ತ. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಎಲ್ಲಿ ನೋಡಿದರೂ ಲಗ್ನ. ಈ ಸಾಲಿಗೆ ಕಾರಣ ಮಾತ್ರ ಮಹಾನವಮಿಯದು. ಖಂಡೇಪೂಜೆಯ ದಿನ ಒಕ್ಕಲಿಗ ನೇಗಿಲಿಗೆ, ಡ್ರೈವರು ಲಾರಿಗೆ ಪೂಜೆ ಮಾಡಿದಂತೆ ಇಲ್ಲಿನ ವಿಡಿಯೊದವರು ಕ್ಯಾಮೆರಾಕ್ಕೆ ಪೂಜೆ ಮಾಡುತ್ತಾರೆ. ವಿಭೂತಿ ಬಳಿದು, ಅದರ ಮೇಲೆ ಕುಂಕುಮ ಇಟ್ಟು, ಕಾಯಿ ಒಡೆದು, ಅದರ ನೀರು ಚಿಮುಕಿಸಿ ಚೀಲಕ್ಕೆ ಹಾಕಿದರೆ ಮುಗಿಯಿತು. ತುಳಸಿ ಲಗ್ನದವರೆಗೆ ಮದುವೆಗಳಿಲ್ಲ, ಚೀಲ ಬಿಚ್ಚುವ ಪ್ರಸಂಗವೂ ಇಲ್ಲ. ಮೊದಲ ಮುಹೂರ್ತದ ಮುಂಜಾನೆ ಗಡಿಬಿಡಿಯಲ್ಲಿ ತೆಗೆದು ನೋಡಿದರೆ ಕ್ಯಾಮೆರಾ ಕಣ್ಣು ಬಿಡುವುದಿಲ್ಲ.

"ಭಕ್ತಿ ಬ್ಯಾಡ ಅನ್ನೂದಿಲ್ರಿ ನಾ. ಆದ್ರ ಬ್ಯಾಟರಿ ಕೂಡೋ ಜಾಗಕ್ಕ ಯಾಕ ವಿಭೂತಿ? ದೇವರೇನ ಬ್ಯಾಟರಿ ಬಿಚ್ಚಿ ನೋಡತಾನೇನು?" ಎನ್ನುತ್ತಾರೆ ಪುಷ್ಪಲತಾ, ತಲೆ ಎತ್ತದೆ.

ಅವರು ಕೈಗೆ ಬಂದ ಕ್ಯಾಮೆರಾವನ್ನು ತಕ್ಷಣ ಬಿಚ್ಚುವವರಲ್ಲ. ಮೊದಲು ಸುಮ್ಮನೆ ತಿರುಗಿಸಿ ತಿರುಗಿಸಿ ನೋಡುತ್ತಾರೆ. ಆಮೇಲೆ ಬ್ಯಾಟರಿ ಕಳಚಿ, ಅದು ತಾಗುವ ಲೋಹದ ಹಲ್ಲುಗಳನ್ನು ಶಾಲೆ ಮಕ್ಕಳ ಅಳಿಸುವ ರಬ್ಬರಿನಿಂದ ತಿಕ್ಕುತ್ತಾರೆ. ಸಾಲಿನಲ್ಲಿ ಕುಳಿತ ಅರ್ಧ ಜನರ ರೋಗ ಅಷ್ಟಕ್ಕೇ ವಾಸಿ. ಉಳಿದವರಲ್ಲಿ ಒಬ್ಬ ರಿಮೋಟಿನ ಸೆಲ್ಲನ್ನು ಉಲ್ಟಾ ಹಾಕಿರುತ್ತಾನೆ. ಇನ್ನೊಬ್ಬ ಲೆನ್ಸಿನ ಮುಚ್ಚಳವನ್ನೇ ತೆಗೆಯದೆ, "ಡಿಸ್‌ಪ್ಲೇ ಹೋಗೇತ್ರಿ" ಎಂದು ಹಾವೇರಿಯಿಂದ ಮೊದಲ ಬಸ್ಸು ಹತ್ತಿ ಬಂದಿರುತ್ತಾನೆ. ಅಂಥವನನ್ನು ಅವರು ನಾಲ್ಕು ಜನರ ಎದುರು ಬಯ್ಯುವುದಿಲ್ಲ. ಮುಚ್ಚಳವನ್ನು ಮೆಲ್ಲಗೆ ತೆಗೆದು ಅವನ ಅಂಗಿ ಕಿಸೆಗೆ ಹಾಕಿ, "ಆತು, ಹೋಗಿ ಬಾ" ಎಂದು ಕಳಿಸುತ್ತಾರೆ. ಅವನ ಮುಖ ಆಗ ನೋಡುವಂತಿರುತ್ತದೆ.

ಬೆಸುಗೆ ಕಡ್ಡಿ, ಚಿಮಟ, ಸ್ಪಿರಿಟ್ ಬಾಟಲಿಗಳ ನಡುವೆ ಆ ಮೇಜಿನ ಮೇಲೆ ಒಂದು ಕುಂಕುಮದ ಭರಣಿ ಇದೆ. ಹೊಸಬರಿಗೆ ಸೋಜಿಗವಾಗುತ್ತದೆ, ಯಾಕೆಂದರೆ ಪುಷ್ಪಲತಾ ಅವರ ಹಣೆಯಲ್ಲಿ ವಿಭೂತಿಯ ಗೆರೆ ಬಿಟ್ಟರೆ ಬೇರೇನೂ ಇಲ್ಲ. ಗಂಡ ಶಿವಾನಂದ ತೀರಿಕೊಂಡ ಮೇಲೆ ಅವರು ಕುಂಕುಮ ಇಟ್ಟಿಲ್ಲ. ಭರಣಿ ಇರುವುದು ಕ್ಯಾಮೆರಾಗಳಿಗೆ. ಪೂಜೆಯ ಕುಂಕುಮ ಒರೆಸುವ ಮೊದಲು ಅವರು ಭರಣಿಯನ್ನು ಕ್ಯಾಮೆರಾದ ಒಡೆಯನ ಮುಂದೆ ಹಿಡಿದು, ಕೆಡುವಂಥದ್ದೇನೂ ಇಲ್ಲದ ಹಿಡಿಕೆಯ ಮೇಲೆ ಒಂದು ಹೊಸ ಬೊಟ್ಟು ಇಡಿಸುತ್ತಾರೆ. ಹಳೆಯದನ್ನು ತೆಗೆಯುವುದು ಆಮೇಲೆ.

"ಮೊದಲ ಇಡೂದು, ಆಮ್ಯಾಲ ತಗಿಯೂದು. ನಡುವ ಒಂದ ಗಳಿಗೀನೂ ಹಣಿ ಬರಿದಿರಬಾರದು. ಅಳಸಿಸಿಕೊಂಡಾಕಿಗೆ ಗೊತ್ತಿರತೈತ್ರಿ, ಅದು ಹೆಂಗಿರತೈತಿ ಅಂತ." ಇಷ್ಟು ಹೇಳಿ ಮತ್ತೆ ರಬ್ಬರು ತಿಕ್ಕಲು ಕೂಡುತ್ತಾರೆ. 

ಇದು ಮೊದಲು ಶಿವಾನಂದನ ಟಿವಿ, ರೇಡಿಯೊ ರಿಪೇರಿ ಅಂಗಡಿ. ಅವನಿಗೆ ಕಣ್ಣು ಮಂದ, ಸಣ್ಣ ತಂತಿಗಳ ಬೆಸುಗೆ ಹೆಂಡತಿಯ ಪಾಲಿಗೆ ಬಂತು. ಅವನು ಕಾಮಾಲೆಯಾಗಿ ತೀರಿಕೊಂಡಾಗ ಬಂಧುಬಳಗದವರೆಲ್ಲ ಅಂಗಡಿ ಮಾರಿಬಿಡು ಅಂದರು. ಅವರು ಮಾರಲಿಲ್ಲ. ಹಾವೇರಿಯಲ್ಲಿ ಮುಚ್ಚಿದ ಒಂದು ಸ್ಟುಡಿಯೊದಿಂದ ಕೆಟ್ಟ ಕ್ಯಾಮೆರಾ ಒಂದನ್ನು ತಂದು ಬಿಚ್ಚಿದರು. ಮತ್ತೆ ಜೋಡಿಸಿದಾಗ ತಾಟಿನ ತುಂಬ ಸ್ಕ್ರೂ ಉಳಿದಿದ್ದವು, ಕ್ಯಾಮೆರಾ ಚಾಲೂ ಆಗಲಿಲ್ಲ. ಮತ್ತೆ ಬಿಚ್ಚಿದರು. ಒಂದು ಮಳೆಗಾಲವೆಲ್ಲ ಬಿಚ್ಚುವುದು, ಜೋಡಿಸುವುದು ಇದೇ ಆಯಿತು. ತಾಟು ಖಾಲಿಯಾದ ದಿನ ಕ್ಯಾಮೆರಾದ ಪುಟ್ಟ ಪರದೆಯ ಮೇಲೆ ತಮ್ಮದೇ ಅಡುಗೆಮನೆಯ ಗೋಡೆ ಕಂಡಿತು. ಅವತ್ತು ಕುಣಿದಾಡುವಷ್ಟು ಖುಷಿಯಾಗಿತ್ತು, ಹೇಳಿಕೊಳ್ಳಲು ಮನೆಯಲ್ಲಿ ಯಾರೂ ಇರಲಿಲ್ಲ.

"ಹೆಣ್ಣಮಗಳ ಕೈಯಾಗ ಕ್ಯಾಮೆರಾ ಕೊಡಾಕ ಎಲ್ಲಾರೂ ಅಂಜತಿದ್ರು. ಮೊದಲ ಕೊಟ್ಟಾವ್ರು ಮೌಲಾಸಾಬರು. ಅದೂ ಬ್ಯಾರೆ ಎಲ್ಲೂ ಆಗದ್ದಕ್ಕ ಕೊಟ್ರು!" ಎಂದು ನಗುತ್ತಾರೆ. ರಾಣೆಬೆನ್ನೂರಿನ ಹಿರಿಯ ವಿಡಿಯೊಗ್ರಾಫರ್ ಮೌಲಾಸಾಬ ಇವತ್ತೂ ಕಟ್ಟೆಯ ಮೇಲಿದ್ದಾರೆ. ಮೋಟೆಬೆನ್ನೂರಿನ ಲಗ್ನಕ್ಕೆ ಹೊರಟವರು, ತಮ್ಮ ಕ್ಯಾಮೆರಾ ಒಯ್ಯಲು ಬಂದಿದ್ದಾರೆ.

ಲಗ್ನದ ದಿನಗಳಲ್ಲಿ ಪುಷ್ಪಲತಾ ಅವರಿಗೆ ಊಟಕ್ಕೂ ಬಿಡುವಿರುವುದಿಲ್ಲ. ಮೂರೂ ತಾಲೂಕಿನ ಮದುವೆಗಳು ಅವರ ಕಣ್ಣ ಮುಂದೆ ಹಾಯುತ್ತವೆ, ಆದರೆ ರಿಪೇರಿಯಾಗಿದೆಯೋ ಇಲ್ಲವೋ ಎಂದು ಪರೀಕ್ಷೆಗೆ ಹಾಕಿದ ಟೇಪಿನಲ್ಲಿ, ಬೆರಳುದ್ದದ ಪರದೆಯ ಮೇಲೆ. ಖುದ್ದು ಲಗ್ನಗಳಿಗೆ ಅವರು ಹೋಗುವುದು ಬಿಟ್ಟಿದ್ದಾರೆ. ಹೋದರೂ ಹಿಂದೆ, ಗೋಡೆಗೆ ಆತು ನಿಲ್ಲಬೇಕು. ಅಕ್ಷತೆಯ ಅಕ್ಕಿಕಾಳಿನ ತಾಟು ಹಿಡಿದವರು ತಮ್ಮ ಮುಂದೆ ಬಂದಾಗ ಬೇರೆ ಕಡೆ ನೋಡುತ್ತ ದಾಟಿ ಹೋಗುವುದನ್ನು ಅವರು ಸಾಕಷ್ಟು ಸಲ ನೋಡಿದ್ದಾರೆ.

"ಒಂದ ಆಸೆ ಐತ್ರಿ. ಒಂದ ಲಗ್ನಾನಾರ ಎದುರಿಗೆ ನಿಂತು ನೋಡಿ, ನನ್ನ ಕೈಯಾರೆ ಅಕ್ಕಿಕಾಳು ಒಗೀಬೇಕು. ಅಷ್ಟ."

ಈ ಮಾತು ಮುಗಿಯುವಷ್ಟರಲ್ಲಿ ಮೊಬೈಲ್ ರಿಂಗಾಗುತ್ತದೆ. ಬ್ಯಾಡಗಿಯ ಲಗ್ನದಿಂದ ಹಾವೇರಿಯ ವಿಡಿಯೊಗ್ರಾಫರ್ ಶಶಿಕಾಂತ.

"ಅಕ್ಕಾರ, ಕ್ಯಾಮೆರಾ ಚಾಲೂ ಆಗವಲ್ದು! ಸುರಗಿ ಜಳಕಾ ಮುಗೀತು. ಇನ್ನ ಅಕ್ಕಿಕಾಳು ಅಷ್ಟ ಉಳದೈತಿ."

ಶಶಿಕಾಂತನ ಕ್ಯಾಮೆರಾದ ಜಾತಕ ಪುಷ್ಪಲತಾ ಅವರಿಗೆ ಬಾಯಿಪಾಠ. ಅದರ ರೆಕಾರ್ಡ್ ಗುಂಡಿ ಬೇಸಿಗೆಯಲ್ಲೇ ಸವೆದು ಹೋಗಿದೆ. ಹೊಸ ಗುಂಡಿ ಮುಂಬೈಯಿಂದ ಬರಬೇಕು. ಅಲ್ಲಿಯವರೆಗೆ ರಿಮೋಟಿನಿಂದಲೇ ರೆಕಾರ್ಡ್ ಮಾಡುತ್ತೇನೆಂದು ಹಟ ಹಿಡಿದು ಒಯ್ದವನು ಅವನು. ಫೋನಿನಲ್ಲೇ ಅವರು ಬ್ಯಾಟರಿ ತಿಕ್ಕಿಸುತ್ತಾರೆ, ಇಲ್ಲ. ಅಡಾಪ್ಟರ್ ಹಾಕಿ ನೇರ ಕರೆಂಟ್ ಕೊಡಿಸುತ್ತಾರೆ. ಕೆಂಪು ದೀಪ ಹತ್ತುತ್ತದೆ, ಆದರೆ ಡಿಸ್‌ಪ್ಲೇ ಕರಿಗಟ್ಟಿದೆ, ರಿಮೋಟು ಒತ್ತಿದರೆ ಏನೂ ಇಲ್ಲ.

"ಬ್ಯಾರೆ ಕ್ಯಾಮೆರಾ ನೋಡೋ ತಮ್ಮಾ."

"ಎಲ್ಲೀದು ತರ್ಲಿ ಅಕ್ಕಾರ? ಎಲ್ಲಾರದೂ ಇವತ್ತ ಲಗ್ನ ಐತಿ. ನಿಮ್ಮ ಕಪಾಟಿನ್ಯಾಗ ಇರೂದು ಒಂದು ಕೊಡ್ರಿ."

"ಮಂದೀದು ಕೊಡಾಕ ನಾ ಯಾರೋ?"

ಶಶಿಕಾಂತನ ದನಿ ಇಳಿಯುತ್ತದೆ. ಮದುಮಗಳು ಮೇಡ್ಲೇರಿಯ ಭುವನಾ. ಅವಳ ಅಪ್ಪ ಸಿದ್ದಲಿಂಗಪ್ಪ ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದಾನೆ. ಬಲಭಾಗ ಪೂರ್ತಿ ಸತ್ತಿದೆ. ಇನ್ನೊಮ್ಮೆ ಹೊಡೆದರೆ ಕಷ್ಟ, ಅಲುಗಾಡಿಸಬೇಡಿ ಎಂದು ಡಾಕ್ಟರು ಹೇಳಿದ್ದಾರೆ. ಇರುವವಳು ಒಬ್ಬಳೇ ಮಗಳು. ಹೊತ್ತು ಮುಳುಗುವುದರೊಳಗೆ ಅಕ್ಕಿಕಾಳು ಬಿದ್ದದ್ದನ್ನು ಟಿವಿಯಲ್ಲಿ ತೋರಿಸುತ್ತೇವೆಂದು ಅವನ ತಾಯಿ ಗದಿಗೆವ್ವ ಮಗನ ಕೈ ಹಿಡಿದು ಮಾತು ಕೊಟ್ಟು ಬಂದಿದ್ದಾಳೆ. ಆ ಮಾತನ್ನು ನಂಬಿ ಅವನು ಮನೆಯಲ್ಲಿ ಸುಮ್ಮನೆ ಮಲಗಿದ್ದಾನೆ.

ಪುಷ್ಪಲತಾ ಮೇಜಿನ ಮೇಲಿದ್ದುದನ್ನೆಲ್ಲ ಪೆಟ್ಟಿಗೆಗೆ ತುಂಬುತ್ತಾರೆ. ಕಟ್ಟೆಯ ಮೇಲೆ ಗುಲ್ಲೇಳುತ್ತದೆ. "ತಿಕ್ಕೂ ರಬ್ಬರು ಇಲ್ಲೇ ಐತಿ, ತಿಕ್ಕೋತ ಕುಂದ್ರಿ. ಆಗದಿದ್ರ ಫೋನ್ ಮಾಡ್ರಿ" ಎಂದು ಎದ್ದೇಬಿಡುತ್ತಾರೆ. ಮೌಲಾಸಾಬ ಆಗಲೇ ಮೋಟರ್‌ಸೈಕಲ್ಲಿಗೆ ಕಿಕ್ ಹೊಡೆದಿದ್ದಾರೆ.

"ಕುಂದ್ರಿ ಅಕ್ಕಾರ. ಬ್ಯಾಡಗೀ ತನಕ ಬಿಟ್ಟ ಹಿಂದಕ್ಕ ಬರತೀನಿ. ಮೋಟೆಬೆನ್ನೂರಾಗ ನಮ್ಮ ಮುಹೂರ್ತಾ ಇನ್ನೂ ತಡಾ ಐತಿ."

ಹೆದ್ದಾರಿಯಲ್ಲಿ ಲಾರಿಗಳ ಸಾಲು. ಒಂದನ್ನು ದಾಟಿದರೆ ಮುಂದೆ ಇನ್ನೊಂದು. ತೊಡೆಯ ಮೇಲೆ ಪೆಟ್ಟಿಗೆ ಅವುಚಿಕೊಂಡ ಪುಷ್ಪಲತಾ ಮನಸ್ಸಿನಲ್ಲೇ ಕ್ಯಾಮೆರಾ ಬಿಚ್ಚುತ್ತಿದ್ದಾರೆ. ಡಿಸ್‌ಪ್ಲೇ ಹೋಗಿದೆಯೆಂದರೆ ಅದರ ಕದದ ಕೀಲಿನೊಳಗೆ ಹಾಯುವ ಪಟ್ಟಿ ತಂತಿ ಹರಿದಿರಬೇಕು. ಅದು ಹರಿದಿದ್ದರೆ ಮಂಟಪದಲ್ಲಿ ನಿಂತು ಮಾಡುವ ಕೆಲಸವಲ್ಲ.

ಬ್ಯಾಡಗಿಯ ಕಲ್ಯಾಣ ಮಂಟಪ. ಪೇಟೆ ಕಡೆಯಿಂದ ಗಾಳಿ ಬೀಸಿದಾಗೊಮ್ಮೆ ಮೆಣಸಿನಕಾಯಿ ಘಾಟಿಗೆ ಬೀಗರು ಸೀನುತ್ತಾರೆ, ಊರವರು ಸೀನುವುದಿಲ್ಲ. ಛಾವಣಿಗೆ ಕಟ್ಟಿದ ಕೆಂಪು ಬಟ್ಟೆಯಿಂದ ಒಳಗಿನ ಬೆಳಕೆಲ್ಲ ಕೆಂಪಗಿದೆ. ವೇದಿಕೆಯ ಎಡಗಡೆ ಗೋಡೆಯ ಹತ್ತಿರ ಶಶಿಕಾಂತ ಬೆವರಿ ಮುದ್ದೆಯಾಗಿ ನಿಂತಿದ್ದಾನೆ. ಮದುಮಗ ಆಗಲೇ ಬಾಸಿಂಗ ಕಟ್ಟಿಕೊಂಡು ಕುಳಿತಿದ್ದಾನೆ. ಲಗ್ನ ಮಾಡಿಸುವ ಅಯ್ಯನವರು ಭುವನಾಳನ್ನು ಕರೆತರಲು ಹೇಳಿ ಕಳಿಸಿದ್ದಾರೆ.

ಪುಷ್ಪಲತಾ ನೆಲದ ಮೇಲೆಯೇ ಸೆರಗು ಹಾಸಿ ಕೂಡುತ್ತಾರೆ. ಬ್ಯಾಟರಿ ತಿಕ್ಕುತ್ತಾರೆ, ಪ್ರಯೋಜನವಿಲ್ಲ. ದಸರೆಯಿಂದ ಚೀಲದಲ್ಲಿ ಬಿದ್ದು ಅದು ಪೂರ್ತಿ ಇಳಿದು ಹೋಗಿದೆ. ಅಡಾಪ್ಟರೇ ಗತಿ. ಇನ್ನು ಡಿಸ್‌ಪ್ಲೇ. ಅವರ ಜಾಯಮಾನಕ್ಕೆ ವಿರುದ್ಧವಾಗಿ ಇವತ್ತು ಮೊದಲು ಸ್ಕ್ರೂಡ್ರೈವರ್ ಕೈಗೆ ಬಂದಿದೆ. ಕೀಲು ಬಿಚ್ಚುತ್ತಾರೆ, ಪಟ್ಟಿ ತಂತಿ ಹೊರತೆಗೆದು ಬೆಳಕಿಗೆ ಹಿಡಿಯುತ್ತಾರೆ. ತಂತಿ ನೆಟ್ಟಗಿದೆ, ಎಲ್ಲೂ ಹರಿದಿಲ್ಲ. ತಪ್ಪಿದೆ! ಇಷ್ಟು ಹೊತ್ತು ದಂಡ. ಅವರಿಗೆ ತಮ್ಮ ಮೇಲೇ ಸಿಟ್ಟು ಬರುತ್ತದೆ.

"ಅಕ್ಕಾರ, ಹೆಣ್ಣ ಬಂತು" ಎನ್ನುತ್ತಾನೆ ಶಶಿಕಾಂತ. ಅವನ ದನಿ ಅಳುವುದಕ್ಕೆ ಹತ್ತಿರವಾಗಿದೆ.

"ಬರ್ಲಿ. ನೀ ಸುಮ್ಮನಿರು."

ಕೀಲಿನ ಮೂಲೆಯಲ್ಲಿ ಸಾಸಿವೆ ಕಾಳಿನಷ್ಟು ದೊಡ್ಡ ಒಂದು ಗುಂಡಿ ಇರುತ್ತದೆ. ಕದ ತೆರೆದಾಗ ಅದು ಮೇಲೇಳುತ್ತದೆ, ಆಗ ಡಿಸ್‌ಪ್ಲೇ ಹತ್ತುತ್ತದೆ. ಪೂಜೆಯಲ್ಲಿ ಚಿಮುಕಿಸಿದ ಕಾಯಿ ನೀರು ಅಲ್ಲಿಗೆ ಇಳಿದು, ಒಣಗಿ, ಅಂಟಾಗಿ ಗುಂಡಿಯನ್ನು ಒಳಗೇ ಹಿಡಿದಿಟ್ಟಿದೆ. ಕದ ತೆಗೆದದ್ದೇ ಕ್ಯಾಮೆರಾಕ್ಕೆ ಗೊತ್ತಾಗಿಲ್ಲ. ಎರಡು ಹನಿ ಸ್ಪಿರಿಟ್ ಬಿಟ್ಟು, ಸೂಜಿಯ ಮೊನೆಯಿಂದ ಮೆಲ್ಲಗೆ ಅಲುಗಿಸುತ್ತಾರೆ. ಟಕ್. ಪರದೆಯ ಮೇಲೆ ಮಂಟಪ, ಮಂಟಪದಲ್ಲಿ ತಲೆ ತಗ್ಗಿಸಿ ಕುಳಿತ ಭುವನಾ ಕಾಣುತ್ತಾಳೆ. ಶಶಿಕಾಂತ ಕೈ ಮುಗಿದುಬಿಡುತ್ತಾನೆ.

ರಿಮೋಟು ಮಾತ್ರ ಇನ್ನೂ ಮೂಕ. ಹೊಸ ಸೆಲ್ಲು ಹಾಕಿದರೂ ಇಲ್ಲ. ಪುಷ್ಪಲತಾ ರಿಮೋಟನ್ನು ಲೆನ್ಸಿನ ಎದುರಿಗೇ ಹಿಡಿದು ಗುಂಡಿ ಒತ್ತಿ ಡಿಸ್‌ಪ್ಲೇ ನೋಡುತ್ತಾರೆ. ಬರಿಗಣ್ಣಿಗೆ ಕಾಣದ ರಿಮೋಟಿನ ದೀಪ ಕ್ಯಾಮೆರಾದ ಪರದೆಯಲ್ಲಿ ಮಿಣುಕುತ್ತದೆ. ಅಂದರೆ ರಿಮೋಟು ಕೂಗುತ್ತಿದೆ, ಕ್ಯಾಮೆರಾದ ಕಿವಿಗೆ ಬೀಳುತ್ತಿಲ್ಲ. ರಿಮೋಟಿನ ಸನ್ನೆ ಹಿಡಿಯುವುದು ಲೆನ್ಸಿನ ಕೆಳಗಿರುವ ಉಗುರಗಲದ ಕೆಂಪು ಗಾಜು. ಅದರ ಮೇಲೆ ಬೆರಳಾಡಿಸಿದರೆ ಬೆರಳಿಗೆ ಕೆಂಪು ಪುಡಿ ಹತ್ತುತ್ತದೆ. ಲೆನ್ಸಿನ ಕೆಳಗೆ ನಟ್ಟನಡುವೆ, ಹಣೆಯಂತೆ ಕಾಣುವ ಜಾಗವೆಂದು ಶಶಿಕಾಂತ ದಪ್ಪಗೆ ವಿಭೂತಿ ಮೆತ್ತಿ, ಅದರ ಮೇಲೆ ಕುಂಕುಮ ಇಟ್ಟಿದ್ದಾನೆ. ಕೆಂಪು ಗಾಜಿನ ಮೇಲೆ ಕೆಂಪು ಕುಂಕುಮ, ಮೇಲೆ ಈ ಕೆಂಪು ಬೆಳಕು. ಯಾರ ಕಣ್ಣಿಗೆ ಬೀಳಬೇಕು?

ಅವರು ಒದ್ದೆ ಅರಿವೆ ತೆಗೆದುಕೊಂಡು, ಅಭ್ಯಾಸದಂತೆ ಪೆಟ್ಟಿಗೆಯಿಂದ ಕುಂಕುಮದ ಭರಣಿ ತೆಗೆಯುತ್ತಾರೆ. ಅಷ್ಟರಲ್ಲಿ ಮೇಲಿಂದ ಒಂದು ದನಿ.

"ಏ ತಂಗಿ, ಏನ ಮಾಡಾಕತ್ತೀದಿ?"

ಗದಿಗೆವ್ವ. ಮುಂದಿನ ಸಾಲಿನಿಂದ ಎದ್ದು ಬಂದಿದ್ದಾಳೆ. ಅವಳ ಕಣ್ಣು ಅರಿವೆಯ ಮೇಲಿಲ್ಲ, ಪುಷ್ಪಲತಾ ಅವರ ಕುಂಕುಮವಿಲ್ಲದ ಹಣೆಯ ಮೇಲಿದೆ.

"ಕುಂಕುಮಾ ಹತ್ತೇತ್ರಿ ಅಮ್ಮಾರ. ಅದನ್ನ ತಗದ್ರ ಇದು ಚಾಲೂ ಆಗತೈತಿ."

"ಅಕ್ಕಿಕಾಳು ಬೀಳೂ ಹೊತ್ತಿನ್ಯಾಗ, ಮದಮಗಳ ಎದುರಿಗೆ ಕುಂತು ಕುಂಕುಮಾ ಅಳಸತೀಯಾ? ಅದೂ ನೀನು? ನನ್ನ ಮಗಾ ಅಲ್ಲಿ ಹಾಸಿಗಿ ಮ್ಯಾಲ ಅದಾನ. ಅವನ ಹೇಂತಿ ಕಣ್ಣಮುಂದ ಈ ಅಪಶಕುನಾ ಮಾಡಬ್ಯಾಡ."

ಹತ್ತಿರದವರೆಲ್ಲ ಇತ್ತ ತಿರುಗುತ್ತಾರೆ. ಪುಷ್ಪಲತಾ ಅವರ ಕೈ ನಿಲ್ಲುತ್ತದೆ. 'ಅದೂ ನೀನು' ಎಂಬ ಮಾತು ಎಲ್ಲಿ ತಾಗಬೇಕೋ ಅಲ್ಲೇ ತಾಗಿದೆ. ಶಶಿಕಾಂತ ಬಗ್ಗಿ ಪಿಸುಗುಡುತ್ತಾನೆ, "ಆಕಿ ಅತ್ತಾಗ ತಿರಿಗಿದಾಗ ಒರಸಿಬಿಡ್ರಿ ಅಕ್ಕಾರ."

"ಕಳವಿಲೆ ಒರಸೂದಿಲ್ಲೋ" ಎನ್ನುತ್ತಾರೆ ಅವರು. ಎದ್ದು ನಿಲ್ಲುತ್ತಾರೆ. "ಅಮ್ಮಾರ, ನಾ ಅಳಸೂದಿಲ್ಲ. ಮೊದಲ ಹಿಡಿಕಿ ಮ್ಯಾಲ ಹೊಸಾದು ಇಡಬೇಕು, ಆಮ್ಯಾಲ ಕೆಳಗಿಂದು ತಗೀಬೇಕು. ನಾ ಯಾವತ್ತೂ ಹಂಗ ಮಾಡಾಕಿ. ಇಡೂದು ನಾ ಅಲ್ಲ, ನೀವು ಯಾರಿಗೆ ಹೇಳತೀರಿ ಅವ್ರು ಇಡ್ಲಿ. ಆದ್ರ ಲಗೂ ಆಗಬೇಕ್ರಿ. ನಿಮ್ಮ ಮಗಾ ನೋಡಬೇಕಲ್ರಿ."

ಗದಿಗೆವ್ವ ಅಲುಗುವುದಿಲ್ಲ. ಅಯ್ಯನವರು ಮಂತ್ರ ಶುರುಮಾಡಿದ್ದಾರೆ. ಅಕ್ಕಿಕಾಳಿನ ತಾಟುಗಳು ಸಾಲುಗಳ ನಡುವೆ ಓಡಾಡುತ್ತಿವೆ. ಆಗ ವೇದಿಕೆಯ ಪಕ್ಕದಿಂದ ಹಸಿರು ಸೀರೆಯ ಹೆಂಗಸೊಬ್ಬಳು ಇಳಿದು ಬರುತ್ತಾಳೆ. ಹುಡುಗಿಯ ತಾಯಿ ಪ್ರೇಮವ್ವ. ರಾತ್ರಿಯೆಲ್ಲ ಅತ್ತು ಕಣ್ಣು ಬಾತುಕೊಂಡಿವೆ. ಅವಳು ಯಾರನ್ನೂ ಏನೂ ಕೇಳದೆ ಪುಷ್ಪಲತಾ ಅವರ ಕೈಯಿಂದಲೇ ಭರಣಿ ತೆಗೆದುಕೊಳ್ಳುತ್ತಾಳೆ.

"ಅತ್ತೀ, ಅವರು ನೋಡಬೇಕು. ಮಗಳ ಲಗ್ನಾ ನೋಡದ ಅವರಿಗೆ ಏನರ ಆತಂದ್ರ, ಆ ಅಪಶಕುನಾ ಯಾರ ತಗೀತಾರ?" ಎಂದವಳೇ ಹಿಡಿಕೆಯ ಮೇಲೆ ಒಂದು ಬೊಟ್ಟು ಇಡುತ್ತಾಳೆ. "ತಗೀರಿ ಅಕ್ಕಾರ."

ಪುಷ್ಪಲತಾ ಒಂದೇ ಎಳೆತಕ್ಕೆ ಗಾಜು ಒರೆಸುತ್ತಾರೆ. ಶಶಿಕಾಂತ ರಿಮೋಟು ಒತ್ತುತ್ತಾನೆ. ಪರದೆಯ ಮೂಲೆಯಲ್ಲಿ ಕೆಂಪು ಚುಕ್ಕಿ ಮೂಡುತ್ತದೆ, ಟೇಪು ತಿರುಗುತ್ತದೆ. ಮರುಕ್ಷಣ ಚುಕ್ಕಿ ಮಾಯ! ಗೋಡೆಯ ಸಾಕೆಟ್ಟು ಸಡಿಲಾಗಿದೆ, ಪಿನ್ನು ಜಾರಿದೆ. ಪುಷ್ಪಲತಾ ಗೋಡೆಗೆ ಜಿಗಿದು ಪಿನ್ನನ್ನು ಬಲಗೈಯಿಂದ ಒತ್ತಿ ಹಿಡಿಯುತ್ತಾರೆ. ಚುಕ್ಕಿ ಮತ್ತೆ ಮೂಡುತ್ತದೆ.

"ಕೈ ತಗೀಬ್ಯಾಡ್ರಿ ಅಕ್ಕಾರ!"

"ತಗಿಯೂದಿಲ್ಲ. ನೀ ಅತ್ತಾಗ ನೋಡು."

ಬ್ಯಾಂಡಿನವರು ಒಮ್ಮೆಲೇ ಬಾರಿಸುತ್ತಾರೆ. ಎಲ್ಲರೂ ಎದ್ದು ನಿಂತಿದ್ದಾರೆ. ಆ ಗದ್ದಲದಲ್ಲಿ ಗದಿಗೆವ್ವ ತನ್ನ ಮುಷ್ಟಿಯ ಅರ್ಧ ಅಕ್ಕಿಕಾಳನ್ನು ಪುಷ್ಪಲತಾ ಅವರ ಎಡಗೈಗೆ ಸುರಿಯುತ್ತಾಳೆ. ಮಂಟಪದ ತುಂಬ ಅಕ್ಕಿಕಾಳು ಹಾರುತ್ತವೆ, ಭುವನಾಳ ಕೊರಳಿಗೆ ತಾಳಿ ಬೀಳುತ್ತದೆ. ಪುಷ್ಪಲತಾ ಅವರ ಎಡಗೈ ಮುಚ್ಚಿಯೇ ಇದೆ. ಅಕ್ಕಿಕಾಳು ಒಗೆಯಲು ಬಲಗೈ ಬೇಕು, ಬಲಗೈಯಲ್ಲಿ ಪಿನ್ನಿದೆ. ಬಾಸಿಂಗ ಬಿಚ್ಚುವವರೆಗೂ ಅವರು ಗೋಡೆ ಬಿಟ್ಟು ಕದಲುವುದಿಲ್ಲ. ಆಮೇಲೆ ಕಾಳುಗಳನ್ನು ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತಾರೆ.

ಊಟ ಮುಗಿಸಿ ರಾಣೆಬೆನ್ನೂರಿಗೆ ಹೊರಟ ಪುಷ್ಪಲತಾ ಅವರನ್ನು ಗದಿಗೆವ್ವ ಬಿಡುವುದಿಲ್ಲ. "ಟೀವಿಗೆ ಹಚ್ಚಾಕ ನೀ ಬೇಕು. ನಡೀ ಮೇಡ್ಲೇರಿಗೆ" ಎಂದು ಜೀಪಿನಲ್ಲಿ ಪಕ್ಕಕ್ಕೆ ಕೂರಿಸಿಕೊಳ್ಳುತ್ತಾಳೆ. ಕ್ಯಾಮೆರಾ ಹಿಡಿದ ಶಶಿಕಾಂತ ಹಿಂದೆ ಹತ್ತುತ್ತಾನೆ. ಜೀಪು ಕುಲುಕಿದಾಗೊಮ್ಮೆ ಮುದುಕಿ ಅವರ ತೋಳು ಹಿಡಿದುಕೊಳ್ಳುತ್ತಾಳೆ.

ಮೇಡ್ಲೇರಿಯ ಮನೆಯಲ್ಲಿ ಸಿದ್ದಲಿಂಗಪ್ಪನನ್ನು ದಿಂಬಿಗೆ ಒರಗಿಸಿ ಕೂರಿಸಿದ್ದಾರೆ. ಗಡ್ಡ ಕೆರೆಸಿಕೊಂಡಿದ್ದಾನೆ, ಹೊಸ ಅಂಗಿ ತೊಟ್ಟಿದ್ದಾನೆ. ಮುಂದೆ ತಾಟಿನಲ್ಲಿ ಅಕ್ಕಿಕಾಳು. ಪುಷ್ಪಲತಾ ಕ್ಯಾಮೆರಾವನ್ನು ಟಿವಿಗೆ ಜೋಡಿಸಿ ರಿಮೋಟು ಹಿಡಿದು ನೆಲದ ಮೇಲೆ ಕೂಡುತ್ತಾರೆ. ಪರದೆಯ ಮೇಲೆ ಭುವನಾ ತಲೆ ಎತ್ತುತ್ತಾಳೆ. ಅಪ್ಪನ ಗಂಟಲಿನಿಂದ ಒಂದು ಸದ್ದು ಹೊರಡುತ್ತದೆ, ನಗುವೋ ಅಳುವೋ ಯಾರಿಗೂ ತಿಳಿಯುವುದಿಲ್ಲ. ಬ್ಯಾಂಡು ಬಾರಿಸುತ್ತದೆ. ಅವನ ಎಡಗೈ ತಾಟಿಗೆ ಇಳಿದು, ಕಾಳು ಹಿಡಿದು, ಅಲ್ಲೇ ನಿಲ್ಲುತ್ತದೆ. ಎಡಗೈಯಿಂದ ಮಗಳನ್ನು ಹರಸಲು ಅವನಿಗೆ ಮನಸ್ಸಿಲ್ಲ. ಸುತ್ತ ನೋಡಿ, ಪುಷ್ಪಲತಾ ಅವರತ್ತ ತಿರುಗಿ ತೊದಲುತ್ತ ಹೇಳುತ್ತಾನೆ.

"ತಂಗ್ಯವ್ವಾ... ನನ್ನ ಬಲಗೈ ಇಲ್ಲ. ನನ್ನ ಪಾಲಿಂದು... ನೀ ಒಗಿ."

ಪುಷ್ಪಲತಾ ದಿಕ್ಕು ತೋಚದೆ ಗದಿಗೆವ್ವನ ಮುಖ ನೋಡುತ್ತಾರೆ.

"ನನ್ನ ಮಾರಿ ಏನ ನೋಡತಿ? ಲಗೂ ಒಗಿ, ಹೊತ್ತ ಮೀರತೈತಿ" ಎನ್ನುತ್ತಾಳೆ ಮುದುಕಿ.

ಪರದೆಯ ಮೇಲೆ ತಾಳಿ ಬಿದ್ದೇಬಿಟ್ಟಿದೆ. ಪುಷ್ಪಲತಾ ಕಣ್ಣೊರೆಸಿಕೊಂಡು ರಿಮೋಟು ಎತ್ತುತ್ತಾರೆ. "ಮೀರೂದಿಲ್ರಿ ಅಮ್ಮಾರ" ಎಂದು ಟೇಪು ಹಿಂದಕ್ಕೆ ಓಡಿಸುವ ಗುಂಡಿ ಒತ್ತುತ್ತಾರೆ. ಹಾರಿದ ಕಾಳುಗಳು ಮತ್ತೆ ಜನರ ಕೈ ಸೇರುತ್ತವೆ, ಎದ್ದವರು ಕೂಡುತ್ತಾರೆ, ಅಯ್ಯನವರು ಮತ್ತೆ ಮಂತ್ರ ಶುರುಮಾಡುತ್ತಾರೆ. ಈ ಸಲ ಬ್ಯಾಂಡು ಬಾರಿಸಿದಾಗ ಅವರು ಎದ್ದು ನಿಂತಿದ್ದಾರೆ. ಸಿದ್ದಲಿಂಗಪ್ಪನ ಮುಷ್ಟಿಯ ಕಾಳಿಗೆ ತಮ್ಮ ಸೆರಗಿನ ಗಂಟಿನ ಕಾಳು ಬೆರೆಸಿ, ಬಲಗೈ ತುಂಬ ಹಿಡಿದು ಒಗೆಯುತ್ತಾರೆ. ಟಿವಿಯ ಗಾಜಿನ ಮೇಲೆ ಅಕ್ಕಿಕಾಳು ಪಟಪಟ ಬೀಳುತ್ತವೆ.

ಹೊರಡುವಾಗ ಕ್ಯಾಮೆರಾದ ಕದ ಮುಚ್ಚಲು ಹೋದ ಶಶಿಕಾಂತನಿಗೆ ಕೀಲಿನ ಸಂದಿಯಲ್ಲಿ ಒಂದು ಅಕ್ಕಿಕಾಳು ಸಿಕ್ಕಿಕೊಂಡದ್ದು ಕಾಣುತ್ತದೆ. ಅವನು ಚಿಮಟಕ್ಕೆ ಕೈ ಚಾಚುತ್ತಾನೆ. ಪುಷ್ಪಲತಾ ಪೆಟ್ಟಿಗೆ ಮುಚ್ಚಿಬಿಡುತ್ತಾರೆ.

"ಅದೊಂದ ಇರ್ಲಿ ಬಿಡೋ ತಮ್ಮಾ. ಕೆಟ್ಟರ ನಾ ಅದೀನಲ್ಲ, ಮಾಡಿಕೊಡತೀನಿ."